ಕಚೇರಿ ಮೆಟ್ಟಿಲ ಅಂಬಕ್ಕ

ಹಿರೇಸಾಲಗಿ, ಫೆಬ್ರುವರಿ ೩೦, ೨೨೧೪

ಹಿಂದಿನವರೇ,

ಇಂಥ ದಿನವೇ ಇಲ್ಲವಲ್ಲ ಎಂದು ಹುಬ್ಬೇರಿಸಬೇಡಿ. ತಿಂಗಳುಗಳನ್ನೆಲ್ಲ ಸಮ ಮಾಡಿದ ಮೇಲೆ ನಮಗೆ ಇದು ಸಿಕ್ಕಿದೆ. ನನ್ನ ಕನ್ನಡವೂ ಅಲ್ಲಲ್ಲಿ ನಿಮ್ಮ ಕಿವಿಗೆ ಒರಟಾಗಿ ಕೇಳಿಸೀತು, ಮನ್ನಿಸಿ.

ನಮ್ಮೂರಲ್ಲಿ ಈಗ ನೆರಳುಬೀದಿಗಳಿವೆ. ಬಿಸಿಲು ತಡೆಯಲಾಗದೆ ಬೀದಿಗಳ ಮೇಲೆಲ್ಲ ಬಳ್ಳಿ ಹಬ್ಬಿಸಿದ್ದೇವೆ. ಸಂತೆ, ಶಾಲೆ, ಮದುವೆ ಎಲ್ಲ ಅದರ ಕೆಳಗೇ. ಸಮುದ್ರ ಏರಿದಾಗ ಕರಾವಳಿಯಿಂದ ಬಂದವರನ್ನು ದಡಬಿಟ್ಟವರು ಎನ್ನುತ್ತೇವೆ. ಊರಿನ ಅರ್ಧ ಅವರೇ. ಕೊಳಗಳಲ್ಲಿ ಮೀನು ಸಾಕಿ ನಮಗೂ ರುಚಿ ಹಚ್ಚಿದ್ದಾರೆ. ಹಳೇ ಕಚೇರಿಯ ಮೆಟ್ಟಿಲ ಪಕ್ಕ ಒಂದು ಮಾತುಗಲ್ಲು ಇದೆ. ಅಂಗೈ ಇಟ್ಟರೆ, ಸತ್ತವರು ಬದುಕಿದ್ದಾಗ ಹೇಳಿಟ್ಟ ಮಾತು ಅವರದೇ ದನಿಯಲ್ಲಿ ಕೇಳಿಸುತ್ತದೆ. ಅಂಬಕ್ಕ ಮುಳಗುಂದ ಮುಪ್ಪಿನಲ್ಲಿ ಹೇಳಿದ ತನ್ನ ಬಾಳಿನ ಕತೆ ಅದರಲ್ಲಿದೆ. ಅದನ್ನೇ ನಿಮಗೆ ಬರೆಯುತ್ತಿದ್ದೇನೆ.

೧೯೪೨ರಲ್ಲಿ ಆಕೆ ಚಿಕ್ಕ ಹುಡುಗಿ. ಅಪ್ಪ ಗುರುಪಾದಪ್ಪ ಕಚೇರಿಯ ಮೇಲೆ ತಿರಂಗಾ ಹಾರಿಸಲು ಹೋದಾಗ ಪೊಲೀಸ್ ಜಮಾದಾರ ಭೀಮರಾಯ ಅದೇ ಮೆಟ್ಟಿಲ ಮೇಲೆ ಲಾಠಿಯಿಂದ ಹೊಡೆದ. ಅಪ್ಪನ ಬಲಗಾಲು ಮತ್ತೆ ನೆಟ್ಟಗಾಗಲಿಲ್ಲ. ಅಪ್ಪ ತೀರಿದ ಮೇಲೆ, ಶಾಲೆಯಲ್ಲಿ ಟೀಚರಾಗಿದ್ದ ಅಂಬಕ್ಕ ಗೆಳತಿ ಕೃಷ್ಣಾಬಾಯಿ ಗಲಗಲಿಯ ಜೊತೆ ಸೇರಿ, ಹೋರಾಡಿದವರ ಮನೆಯವರಿಗೆಂದು ಸ್ವಾತಂತ್ರ್ಯ ಮನೆತನಗಳ ಸಂಘ ಕಟ್ಟಿದಳು. ಕೃಷ್ಣಾಬಾಯಿಯ ಅಣ್ಣ ಅದೇ ಚಳವಳಿಯಲ್ಲಿ ಜೈಲು ಸೇರಿ ಅಲ್ಲೇ ಸತ್ತಿದ್ದ. ಇಬ್ಬರೂ ಮನೆಮನೆ ತಿರುಗಿ ಚರಕ, ಟೋಪಿ, ಹರಿದ ಧ್ವಜ ಕೂಡಿಹಾಕಿದರು. ಕಚೇರಿ ಕೆಡವಲು ಬಂದವರ ಮುಂದೆ ಕೂತು ಮೆಟ್ಟಿಲನ್ನು ಉಳಿಸಿಕೊಂಡರು. ಪ್ರತಿ ಆಗಸ್ಟ್‌ನಲ್ಲಿ ಆ ಮನೆತನಗಳ ಮಗುವೊಂದು ಧ್ವಜ ಹಿಡಿದು ಮೆಟ್ಟಿಲೇರುತ್ತಿತ್ತು. ಬೇರೆಯವರಿಗೆ ಸಂಘದಲ್ಲಿ ಜಾಗವಿರಲಿಲ್ಲ.

ಒಂದು ವರ್ಷ ನೀಲಾಂಬಿಕಾ ಎಂಬ ನರ್ಸ್ ತನ್ನ ಮಗಳ ಕೈಹಿಡಿದು ಅಂಬಕ್ಕನ ಬಳಿ ಬಂದಳು. ನೀಲಾಂಬಿಕಾ ಜಮಾದಾರ ಭೀಮರಾಯನ ಮೊಮ್ಮಗಳು.

"ಈಕಿ ಧ್ವಜ ಹಿಡೀಬೇಕು ಅಂತಾಳ್ರಿ ಅಕ್ಕಾರ. ಈ ದೇಶ ಈಕಿದೂ ಅಲ್ಲೇನ್ರಿ?" ಎಂದಳು.

ಆ ಮಗಳ ಏಳನೆಯ ತಲೆಮಾರಿನವಳು ನಾನು.

ಕೃಷ್ಣಾಬಾಯಿ ಸಾಧ್ಯವೇ ಇಲ್ಲವೆಂದಳು. ಅಂಬಕ್ಕನಿಗೂ ಸಿಟ್ಟು ಬಂದಿತ್ತು. ಅಪ್ಪ ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಿದ್ದುದು ನೆನಪಾಗಿ, ಬಂದವರಿಗೆ ಕೂತುಕೊಳ್ಳಿ ಎಂದೂ ಹೇಳಲಿಲ್ಲವಂತೆ. ಆದರೆ ಅವರು ಹೋದ ಮೇಲೆ, ಅಪ್ಪ ಯಾರ ಮಕ್ಕಳಿಗಾಗಿ ಮೆಟ್ಟಿಲೇರಿದ್ದ ಎಂಬ ಪ್ರಶ್ನೆ ಆಕೆಯನ್ನು ಬಿಡಲಿಲ್ಲ. ಸಭೆಯಲ್ಲಿ ನಿಯಮ ಬದಲಿಸೋಣ ಎಂದಳು. ಒಬ್ಬರೂ ಕೈಯೆತ್ತಲಿಲ್ಲ. ತಾನೇ ಕಟ್ಟಿದ ಸಂಘ ಬಿಟ್ಟು ನೀಲಾಂಬಿಕೆಯ ಮನೆಗೆ ಹೋಗಿ ಅವರ ಜೊತೆ ಊಟಕ್ಕೆ ಕೂತಳು. ಆ ಆಗಸ್ಟ್‌ನಲ್ಲಿ ಹುಡುಗಿಯ ಜೊತೆ ಮೆಟ್ಟಿಲ ಕೆಳಗೆ ನಿಂತಳು. ಮರುವರ್ಷವೂ ಹಾಗೆಯೇ. ಮೇಲೆ ನಿಂತ ಕೃಷ್ಣಾಬಾಯಿ ಕೆಳಗೆ ನೋಡುತ್ತಿರಲಿಲ್ಲ. ಕೂಡಿ ಬೆಳೆದ ಇಬ್ಬರ ನಡುವೆ ಮಾತು ನಿಂತೇ ಹೋಯಿತು.

ಒಂದು ಮಧ್ಯಾಹ್ನ ಕೃಷ್ಣಾಬಾಯಿ ತಾನಾಗಿ ಬಂದು ಅಂಬಕ್ಕನ ಕಟ್ಟೆಯ ಮೇಲೆ ಕೂತಳು.

"ನನ್ನ ಸಿಟ್ಟು ಹೋಗಿಲ್ಲ ಅಂಬಾ," ಎಂದಳು. "ಆದ್ರ ನೀ ಇಲ್ಲದ ಸಂಘ ಸಾಕಾಗೇದ. ಆ ಹುಡುಗೀನ ಕರಕೊಂಡು ಬಾ."

ಆ ವರ್ಷ ಹುಡುಗಿ ಧ್ವಜ ಹಿಡಿದು ಏರಿದಳು. ಅರ್ಧಕ್ಕೆ ಕೋಲು ವಾಲಿದಾಗ ಹಿಂದಿನಿಂದ ಕೈಚಾಚಿ ಹಿಡಿದವಳು ಕೃಷ್ಣಾಬಾಯಿ.

ಈಗ ಊರಿನವರೆಲ್ಲ ಸಂಘದವರೇ. ನಾನು ಅದರ ಅಧ್ಯಕ್ಷೆ. ಈ ಸಲ ಧ್ವಜ ಹಿಡಿಯುವುದು ದಡಬಿಟ್ಟವರ ಹುಡುಗಿ.

ನಿಮ್ಮಲ್ಲಿ ಒಂದು ಬೇಡಿಕೆ. ದೇಶದ ಹೆಸರಿನಲ್ಲಿ ನೀವೂ ಸಂಘ ಕಟ್ಟುತ್ತೀರಿ, ಕಟ್ಟಿ. ಆದರೆ ಬಾಗಿಲಿಗೆ ಬಂದವರನ್ನು ಮೊದಲು ಒಳಗೆ ಕರೆದು ಕೂಡಿಸಿ. ನೋವು ಮರೆಯಿರಿ ಎಂದು ನಾನು ಹೇಳಲಾರೆ. ಅಂಬಕ್ಕನೂ ಮರೆಯಲಿಲ್ಲ; ಜಮಾದಾರನ ಹೆಸರು ಹೇಳುವಾಗ ಆಕೆಯ ದನಿ ಇವತ್ತಿಗೂ ಗಡುಸಾಗುತ್ತದೆ. ಅದನ್ನು ನಾನು ಮಕ್ಕಳಿಗೆ ಕೇಳಿಸುತ್ತೇನೆ. ಅದು ನನ್ನ ಮನೆತನದ ಹಿರಿಯನ ಹೆಸರೆಂದು ಹೇಳುತ್ತೇನೆ. ಆಮೇಲೆ ಅವರ ಕೈಗೆ ಧ್ವಜ ಕೊಡುತ್ತೇನೆ.

ನಿಮ್ಮ ಮುಂದಿನವಳು,
ಇರಾವತಿ