ನನ್ನ ಹೆಸರಿನ ಹೆದರಿಕೆ

ಜುಲೈ 9, ಬುಧವಾರ

ಊಟದ ಬಿಡುವಿನಲ್ಲಿ ಎಂದಿನಂತೆ ಈಜುಕೊಳಕ್ಕೆ. ಇವತ್ತು ಆ ತುದಿ ಮುಟ್ಟಿ ಈ ತುದಿಗೆ ಬಂದೆ, ಎಲ್ಲೂ ನಿಲ್ಲದೆ. ನಡುವೆ ಮೂಗಿಗೆ ನೀರು ಹೋಯಿತು. ಹೋದರೆ ಹೋಗಲಿ ಎಂದು ಕೈ ಬೀಸಿದೆ. ಈಜು ಕಲಿಸುವ ಕೋಚಮ್ಮ ತಲೆಯಾಡಿಸಿದಳು. ಅವಳು ಸುಮ್ಮಸುಮ್ಮನೆ ತಲೆಯಾಡಿಸುವ ಪೈಕಿ ಅಲ್ಲ. ಸುಸ್ತಾದರೆ ಒದ್ದಾಡಬೇಡ, ಅಂಗಾತ ಮಲಗು, ನೀರೇ ಹೊತ್ತುಕೊಳ್ಳುತ್ತದೆ ಅಂದಳು. ದಿನಾ ಅದೇ ಪಾಠ.

ಒದ್ದೆ ಕೂದಲಲ್ಲೇ ಕ್ಲಿನಿಕ್ಕಿಗೆ ವಾಪಸ್. ರಿಸೆಪ್ಷನ್ ಮೇಜಿನ ಮೇಲೆ ಟಪಟಪ ಹನಿ. ಹಲ್ಲಿನ ಡಾಕ್ಟರು ನೋಡಿಯೂ ನೋಡದವರಂತೆ ಒಳಗೆ ಹೋದರು. ಒಳ್ಳೆಯ ಮನುಷ್ಯ.

ಮನೆಯಲ್ಲಿ ಇವರಿಗೆ ಇನ್ನೂ ಹೇಳಿಲ್ಲ. ಮಂಡಿನೋವಿಗೆ ಎದೆಮಟ್ಟದ ನೀರಿನಲ್ಲಿ ನಿಂತು ಕೈಕಾಲು ಆಡಿಸುತ್ತೇನೆ ಎಂದುಕೊಂಡಿದ್ದಾರೆ. ಹೇಳಿದರೆ ನಗುತ್ತಾರೆ. ಅವರು ನಗುವ ಮೊದಲು ತೋರಿಸಿಬಿಡಬೇಕು. ಮಗಳಿಗೆ ಮಾತ್ರ ಗೊತ್ತು, ಒಂದು ದಿನ ಕೊಳಕ್ಕೆ ಬಂದು ನೋಡಿದ್ದಾಳೆ.

ಸಂಜೆ ಸುದ್ದಿ: ಪ್ರೊಫೆಸರ್ ದಂಪತಿ ಶನಿವಾರ ಊರಿನಿಂದ ಈ ಪರದೇಶಕ್ಕೆ ಬರುವುದು ಖಾತ್ರಿ. ಪ್ರೊಫೆಸರ್ ಇವರ ಹಾಸ್ಟೆಲ್ ರೂಂಮೇಟ್. ಪಾಠ ಮಾಡಿದ್ದು ಎಲ್ಲೂ ಇಲ್ಲ, ಇರುವುದು ಟೈಲ್ಸ್ ಅಂಗಡಿ. ಯಾವ ವಿಷಯ ಎತ್ತಿದರೂ ಬುಡದಿಂದ ಶುರು ಮಾಡುತ್ತಾರೆಂದು ಆ ಹೆಸರು. ಹೆಂಡತಿ ಮಾತ್ರ ನಿಜವಾದ ಟೀಚರ್, ಲೆಕ್ಕದ್ದು. ಒಂದು ವಾರ ನಮ್ಮ ಜೊತೆ ಸುತ್ತಾಟ. ಇವರು ಲೇಕ್ ಪಕ್ಕ ಮನೆ ಬುಕ್ ಮಾಡಿದ್ದಾರೆ. ಫೋಟೊ ತೋರಿಸಿದರು. ನೀರಿನ ನಡುವೆ ಮರದ ಹಲಗೆಯ ಒಂದು ಕಟ್ಟೆ ತೇಲುತ್ತಿದೆ. ಈಜಿ ಹೋದವರು ಹತ್ತಿ ಕೂರಲೆಂದು ಕಟ್ಟಿದ್ದಂತೆ.

ಆ ಕಟ್ಟೆಯ ಮೇಲೆ ನಾನು ಕೂರುತ್ತೇನೆ. ಬರೆದಿಟ್ಟಿದ್ದೇನೆ. ಇನ್ನು ಹಿಂದೆ ಸರಿಯುವ ಹಾಗಿಲ್ಲ.

ಜುಲೈ 12, ಶನಿವಾರ

ಬಂದರು. ಏರ್‌ಪೋರ್ಟಿನಿಂದ ಕಾರು ಹೊರಬೀಳುವ ಮೊದಲೇ ಇವರ ಹಳೆಯ ಜೋಕೂ ಹೊರಬಿತ್ತು.

"ಲೇಕ್ ಪಕ್ಕಾನೇ ಮನೆ ಕಣೋ. ಆದ್ರೆ ನೋಡೋಕೆ ಮಾತ್ರ. ನಮ್ಮವಳು ಬಕೆಟ್ ನೀರು ಕಂಡ್ರೂ ಬೆವರ್ತಾಳೆ. ಅವಳೊಬ್ಬಳನ್ನೇ ದಡದಲ್ಲಿ ಬಿಟ್ಟು ನಾನ್ ಹೇಗೆ ಇಳೀಲಿ?"

ಟೀಚರ್ ಹಿಂದಿನ ಸೀಟಿನಲ್ಲಿ ನನ್ನ ಕೈ ಹಿಡಿದುಕೊಂಡರು. "ಅಕ್ಕಾ, ಸಂಕೋಚ ಮಾಡ್ಕೋಬೇಡಿ. ನನ್ನ ತಂಗಿಗೆ ಲಿಫ್ಟ್ ಭಯ. ಆದ್ರೆ ನಿಮ್ಮವರು ಎಷ್ಟು ಒಳ್ಳೆಯವರು! ನಮ್ಮೋರಾಗಿದ್ರೆ ನನ್ನನ್ನ ಅಲ್ಲೇ ಬಿಟ್ಟು ದಬಕ್ ಅಂತ ಹಾರಿರೋರು."

ಒಳ್ಳೆಯ ಗಂಡ ಎಂಬ ಬಿರುದು ಇವರಿಗೆ ಮದುವೆಯಾದಾಗಿನಿಂದ ಸಿಗುತ್ತಲೇ ಇದೆ. ಖರ್ಚು ನನ್ನದು. ಯಾವ ಬೀಚಿಗೆ ಹೋದರೂ, ಯಾರೇ ಬಂದರೂ, ನಾವಿಬ್ಬರೂ ದಡದಲ್ಲಿ ಕೂತು ಬೇರೆಯವರ ಬ್ಯಾಗು ಕಾಯುತ್ತೇವೆ. ಇವರು ಹೆಂಡತಿಗೋಸ್ಕರ, ನಾನು ಹೆದರಿಕೆಗೋಸ್ಕರ.

ಬಾಯಿ ತೆರೆದೆ. ಅಷ್ಟರಲ್ಲಿ ಪ್ರೊಫೆಸರ್ ಭಯದ ಬಗ್ಗೆ ಶುರು ಮಾಡಿದರು, ಆದಿಮಾನವನಿಂದ. ಮನೆ ಬಂದಾಗ ಅವರಿನ್ನೂ ಗುಹೆಯಿಂದ ಹೊರಗೆ ಬಂದಿರಲಿಲ್ಲ.

ಜುಲೈ 14, ಸೋಮವಾರ

ಲೇಕ್ ಮನೆಗೆ ನಿನ್ನೆ ಬಂದೆವು. ಅಡುಗೆಮನೆ ಕಿಟಕಿಯಿಂದಲೇ ಕಟ್ಟೆ ಕಾಣುತ್ತದೆ. ಫೋಟೊದಲ್ಲಿ ಕಂಡದ್ದಕ್ಕಿಂತ ದೂರ. ಕೋಚಮ್ಮನ ಕೊಳಕ್ಕಿಂತ ಖಂಡಿತ ದೂರ. ಇರಲಿ.

ಇವತ್ತು ಎಲ್ಲಿಗೆ ಹೋದೆವು? ಗಡಿಯಾರದ ಮ್ಯೂಸಿಯಂಗೆ. ಮನೆ ಮುಂದೆ ಅಷ್ಟು ನೀರು, ನಾವು ಕಾರು ಹತ್ತಿ ಗುಡ್ಡ ದಾಟಿ ಗಡಿಯಾರ ನೋಡಲು ಹೋದೆವು. "ಅತ್ತಿಗೆಗೆ ನೀರಿನ ಕಡೆ ಬೇಡ, ಬೇರೆ ಏನಾದ್ರೂ ನೋಡೋಣ" ಎಂದದ್ದು ಪ್ರೊಫೆಸರ್. ಪಾಪ, ಅತ್ತಿಗೆ ಎಂದರೆ ನಾನೇ. ನಿಂತುಹೋದ ಗಡಿಯಾರಗಳ ನಡುವೆ ಟೀಚರ್ ಆಕಳಿಸಿದರು, ನಾನು ನೋಡಿದ ಕೂಡಲೇ "ಎಷ್ಟ್ ಚೆನ್ನಾಗಿದೆ ಅಲ್ವಾ ಅಕ್ಕಾ" ಅಂದರು. ಪ್ರೊಫೆಸರ್ ಕೂಡ ಮಾತಾಡಲಿಲ್ಲ. ಅವರೇ ಸುಮ್ಮನಾದರು ಎಂದರೆ ಮ್ಯೂಸಿಯಂ ಎಂಥದ್ದೆಂದು ತಿಳಿಯಬೇಕು.

ಬರುವಾಗ ಮಗಳು ಕಿವಿಯಲ್ಲಿ: "ಅಮ್ಮ, ಆಂಟಿ ಬ್ಯಾಗಲ್ಲಿ ಹೊಸ ಸ್ವಿಮ್ಮಿಂಗ್ ಡ್ರೆಸ್ ಇದೆ. ಚೀಟಿನೂ ಕಿತ್ತಿಲ್ಲ."

ನನ್ನದೂ ಇದೆ. ಸೀರೆಗಳ ಕೆಳಗೆ. ಅದಕ್ಕೆ ಕ್ಲೋರಿನ್ ವಾಸನೆ ಬೇರೆ.

ಜುಲೈ 15, ಮಂಗಳವಾರ

ಹೇಳಿಬಿಟ್ಟೆ. ತಿಂಡಿ ತಿನ್ನುವಾಗ, ಎಲ್ಲರ ಮುಂದೆ. "ನನಗೆ ನೀರಿನ ಭಯ ಇಲ್ಲ. ಈಜು ಬರುತ್ತೆ. ಇವತ್ತು ಎಲ್ಲರೂ ಲೇಕಿಗೆ ಹೋಗೋಣ."

ಟೀಚರ್ ಕಣ್ಣಲ್ಲಿ ನೀರು. "ನೋಡಿದ್ರಾ? ನಮಗೋಸ್ಕರ ಅಕ್ಕ ಎಷ್ಟು ಧೈರ್ಯ ತಗೊಳ್ತಿದಾರೆ!"

"ಛೆ ಛೆ ಅತ್ತಿಗೆ, ನಾವೇನು ಹೊರಗಿನವರಾ? ದಾಕ್ಷಿಣ್ಯಕ್ಕೆಲ್ಲ ಒಳಗಾಗಬೇಡಿ. ನಮಗೆ ನೀರೇನು ಅಷ್ಟು ಇಷ್ಟ ಇಲ್ಲ" ಎಂದರು ಪ್ರೊಫೆಸರ್.

"ದಾಕ್ಷಿಣ್ಯ ಅಲ್ಲ, ನಿಜವಾಗ್ಲೂ ಬರುತ್ತೆ."

"ಗೊತ್ತು ಗೊತ್ತು" ಎಂದು ಟೀಚರ್ ನನ್ನ ಬೆನ್ನು ಸವರಿದರು. ಜ್ವರ ಬಂದ ಮಗುವಿಗೆ ಸವರಿದ ಹಾಗೆ!

ಇವರ ಮುಖ ನೋಡಿದೆ. ತಟ್ಟೆಯಿಂದ ಕಣ್ಣೆತ್ತಲಿಲ್ಲ. ಹೆಂಡತಿಯ ಪರವಾಗಿ ಒಂದು ಮಾತು... ಊಹೂಂ. ಮಗಳು ಮಾತ್ರ "ಅಮ್ಮಂಗೆ ಬರುತ್ತೆ ಅಂಕಲ್, ನಾನೇ ನೋಡಿದೀನಿ" ಅಂದಳು. "ಅಮ್ಮನ ಮೇಲೆ ಎಷ್ಟು ಪ್ರೀತಿ" ಎಂದು ಅವಳಿಗೂ ಒಂದು ಸವರಿಕೆ.

ಇಡೀ ದಿನ ಶಾಪಿಂಗ್ ಮಾಲ್. ಯಾರಿಗೂ ಏನೂ ಬೇಡ. ಎಲ್ಲರೂ ಎಲ್ಲರಿಗೋಸ್ಕರ ಮಹಡಿ ಹತ್ತಿ ಇಳಿದೆವು. ಸುಳ್ಳು ಹೇಳಿದರೆ ನಂಬುವ ಜನ, ನಿಜ ಹೇಳಿದರೆ ಬೆನ್ನು ಸವರುತ್ತಾರೆ. ಮೈಯೆಲ್ಲ ಉರಿಯುತ್ತಿದೆ.

ಜುಲೈ 16, ಬುಧವಾರ

ಅಡುಗೆಮನೆಯಲ್ಲಿ ಇವರ ಜೊತೆ ಜಟಾಪಟಿ. ಅತಿಥಿಗಳು ಮಹಡಿಯಲ್ಲಿದ್ದರು, ಆದ್ದರಿಂದ ಪಿಸುಮಾತಿನಲ್ಲಿ. ಪಿಸುಮಾತಿನಲ್ಲಿ ಜಗಳ ಆಡುವುದು ಎಷ್ಟು ಕಷ್ಟ! ಗಂಟಲು ಹರಿದುಹೋಗುತ್ತದೆ.

"ಯಾವಾಗ ಕಲಿತೆ?"

"ಕಲಿತೆ. ಚಳಿಗಾಲದಿಂದ."

"ಕೊಳ ಬೇರೆ, ಲೇಕ್ ಬೇರೆ. ತಳ ಕಾಣಲ್ಲ."

"ತಳ ನೋಡೋಕೆ ಹೋಗ್ತಿಲ್ಲ ರೀ. ಮೇಲೇ ಇರ್ತೀನಿ."

"ಅವರ ಮುಂದೆ ಆ ಡ್ರೆಸ್ಸಲ್ಲಿ?"

"ಮೊಣಕಾಲು ಮುಚ್ಚುತ್ತೆ, ತೋಳು ಮುಚ್ಚುತ್ತೆ. ಮುಖ ಮಾತ್ರ ಕಾಣುತ್ತೆ. ಮುಖ ಅವರು ಆಗಲೇ ನೋಡಿದಾರೆ."

ಡ್ರೆಸ್ಸಿನಿಂದ ಚಳಿಗೆ ಹಾರಿದರು. ಚಳಿಯಿಂದ ಕಾಲಿನ ಸೆಳೆತಕ್ಕೆ. ಒಂದು ಕಾರಣ ಮುರಿದರೆ ಇನ್ನೊಂದು ರೆಡಿ. ಕೊನೆಗೆ "ನನ್ ಮಾತಿಗೆ ಬೆಲೆನೇ ಇಲ್ವಾ?" ಎಂದರು. ದನಿ ನಡುಗುತ್ತಿತ್ತು. ಸಿಟ್ಟು ಎಂದುಕೊಂಡೆ.

ಇದೆ, ಬೆಲೆ ಇದೆ. ನನ್ನ ಮಾತಿಗೂ ಇದೆ. ಶನಿವಾರ ಕೊನೆಯ ಪೂರ್ತಿ ದಿನ, ಭಾನುವಾರ ಬೀಗದ ಕೈ ಕೊಟ್ಟು ಹೊರಡಬೇಕು. ಕಟ್ಟೆ ಮುಟ್ಟದೆ ಈ ಮನೆ ಬಿಟ್ಟರೆ ಮುಂದಿನ ಅತಿಥಿಗಳ ಮುಂದೆಯೂ ಅದೇ ಬಕೆಟ್ಟು, ಅದೇ ಬೆವರು. ಸಾಯುವವರೆಗೂ.

ಜುಲೈ 18, ಶುಕ್ರವಾರ. ಮಧ್ಯಾಹ್ನ

ತೋಳು ಇನ್ನೂ ನೋಯುತ್ತಿದೆ, ಅಕ್ಷರ ಸೊಟ್ಟ. ಆದರೂ ಬರೆಯುತ್ತೇನೆ.

ಇವತ್ತಿನ ಪ್ಲ್ಯಾನ್ ಗಾಜಿನ ಕಾರ್ಖಾನೆ. ಎಲ್ಲರೂ ಕಾರಿನಲ್ಲಿ ಬೆಲ್ಟ್ ಹಾಕಿ ಕೂತಿದ್ದರು. ನಾನು ಕೊನೆಗೆ ಬಂದೆ. ಈಜುವ ಡ್ರೆಸ್, ಹೆಗಲ ಮೇಲೆ ಟವೆಲ್, ಬರಿಗಾಲು. ಕಾರಿನ ಮುಂದೆಯೇ ಹಾದು ಸೀದಾ ನೀರಿನ ಕಡೆ ನಡೆದೆ. ಹಿಂದೆ ಬಾಗಿಲುಗಳು ದಡದಡ ತೆರೆದವು. ತಿರುಗಿ ನೋಡಲಿಲ್ಲ. ನೋಡಿದ್ದರೆ ನಿಂತುಬಿಡುತ್ತಿದ್ದೆ.

ನೀರು ಅಬ್ಬಾ, ಎಷ್ಟು ತಣ್ಣಗೆ. ಉಸಿರು ಸಿಕ್ಕಿಹಾಕಿಕೊಂಡಿತು. ಇಳಿದೆ. ಕೈ ಬೀಸಿದೆ. ನೀರು ಕಪ್ಪು, ತಳ ಕಾಣುವುದಿಲ್ಲ, ಇವರು ಹೇಳಿದ್ದು ನಿಜ. ಅರ್ಧ ದಾರಿಯಲ್ಲಿ ತೋಳು ಸೋತಿತು. ಹೆದರಿದೆ. ಹೌದು, ಹೆದರಿದೆ, ಹೆದರಿದ್ದು ನಾನೇ, ಯಾರೂ ಹೇಳಿಕೊಟ್ಟದ್ದಲ್ಲ. ಅಂಗಾತ ಮಲಗಿದೆ. ಮೇಲೆ ಆಕಾಶ. ನೀರು ಹೊತ್ತುಕೊಂಡಿತು. ಮತ್ತೆ ತಿರುಗಿ ಕೈ ಬೀಸಿದೆ.

ಕಟ್ಟೆ ಮುಟ್ಟಿದೆ! ಹತ್ತುವಾಗ ಮಂಡಿ ತರಚಿತು. ಕೂತೆ. ಕೂತೇ ಕೂತೆ. ಮಹಾರಾಣಿ.

ದಡದಲ್ಲಿ ಮಗಳು ಕುಣಿಯುತ್ತಿದ್ದಳು. ಟೀಚರ್ ಎರಡೂ ಕೈ ತಲೆಯ ಮೇಲೆ. ಇವರು... ಇವರು ನೀರಿನ ಅಂಚಿನಲ್ಲಿ ನಿಂತಿದ್ದರು. ಶೂ ನೆನೆದಿತ್ತು, ಅಷ್ಟೇ. ಒಂದು ಹೆಜ್ಜೆ ಮುಂದೆ, ಎರಡು ಹೆಜ್ಜೆ ಹಿಂದೆ. ಪ್ರೊಫೆಸರ್ ಇವರ ತೋಳು ಹಿಡಿದಿದ್ದರು.

ಸುಧಾರಿಸಿಕೊಂಡು ವಾಪಸ್ ಈಜಿದೆ. ದಡಕ್ಕೆ ಬಂದು ನೋಡುತ್ತೇನೆ, ಇವರ ಮುಖ ಸುಣ್ಣ. ತುಟಿ ಬಿಳಿ. ಈಜಿದ್ದು ನಾನು, ಮುಳುಗಿ ಎದ್ದವರು ಇವರು.

ಪ್ರೊಫೆಸರ್ ಕಪಟವಿಲ್ಲದ ಮನುಷ್ಯ. ಎಲ್ಲರ ಮುಂದೆ ಕೇಳಿಯೇಬಿಟ್ಟರು. "ಲೋ, ನಿಂಗೆ ಇನ್ನೂ ಹೋಗಿಲ್ವೇನೋ ಅದು? ಕಾಲೇಜ್ ಟ್ರಿಪ್ಪಲ್ಲಿ ನಾವೆಲ್ಲ ಹೊಳೆಗೆ ಹಾರಿದ್ರೆ ನೀನು ಜ್ವರ ಅಂತ ಬಂಡೆ ಮೇಲೆ ಕೂತಿದ್ದೆ. ಸುಳ್ಳು ಜ್ವರ, ನಂಗೊತ್ತಿತ್ತು. ಮದುವೆ ಆದ್ಮೇಲೆ ಹೆಂಡತಿಗೆ ಭಯ ಅಂದೆ... ನಾನು ಗಂಡ ಹೆಂಡತಿ ಇಬ್ಬರಿಗೂ ಅಂದ್ಕೊಂಡೆ!"

ಯಾರೂ ನಗಲಿಲ್ಲ. ಇವರು ಮನೆ ಕಡೆ ನಡೆದುಬಿಟ್ಟರು. ಒದ್ದೆ ಶೂ ಪಚಪಚ.

ಜುಲೈ 19, ಶನಿವಾರ

ಯೋಚಿಸಿದಷ್ಟೂ ಸಿಟ್ಟು ಏರುತ್ತಿದೆ.

ನನಗೆ ನೀರಿನ ಭಯ ಇತ್ತೇ? ನೆನಪಿಲ್ಲ. ಚಿಕ್ಕವಳಿದ್ದಾಗ ತೊಟ್ಟಿಯಿಂದ ನನ್ನನ್ನು ಎಬ್ಬಿಸಲು ಅಮ್ಮ ಬೆತ್ತ ತರಬೇಕಿತ್ತು, ಅದು ನೆನಪಿದೆ. ಮದುವೆಯಾದ ಹೊಸತರಲ್ಲಿ ಸಮುದ್ರದ ಮುಂದೆ ಇವರು ನನ್ನ ಕೈ ಗಟ್ಟಿಯಾಗಿ ಹಿಡಿದು "ನಿಂಗೆ ಭಯ ಆಗ್ತಿದೆ ಅಲ್ವಾ?" ಎಂದರು. ಹೊಸ ಹೆಂಡತಿ. ಹೌದೇನೋ ಎಂದುಕೊಂಡೆ. ಆಮೇಲೆ ಎಲ್ಲರ ಮುಂದೆ ಹೇಳಿದರು, ನಾನೂ ನಕ್ಕೆ. ಹೇಳುತ್ತಾ ಹೇಳುತ್ತಾ ಅವರ ಭಯ ನನ್ನದಾಯಿತು. ಕೊಳದಲ್ಲಿ ಮೊದಲ ತಿಂಗಳು ಕಂಬಿ ಬಿಡದೆ ಅತ್ತೆನಲ್ಲ, ಯಾರ ಭಯವನ್ನು ಅತ್ತೆ ನಾನು?

ಬೆಳಿಗ್ಗೆ ಇವರನ್ನು ಹಿತ್ತಲಿಗೆ ಕರೆದೆ. ಇವತ್ತು ಪಿಸುಮಾತಿಲ್ಲ.

"ಯಾಕೆ ಹೇಳ್ಲಿಲ್ಲ?"

ಒಣಗಲು ಇಟ್ಟ ಶೂ ತಿರುಗಿಸಿಡುತ್ತಾ: "ಗಂಡಸು ಹೇಳ್ಕೊಳ್ಳೋಕಾಗುತ್ತಾ?"

"ಹೆಂಗಸು ಹೊತ್ಕೊಳ್ಳೋಕಾಗುತ್ತಾ?"

ಪಾಪ ಎನ್ನಿಸಿತು. ಪಾಪ ಎನ್ನಿಸಿದ್ದಕ್ಕೆ ಇನ್ನೂ ಸಿಟ್ಟು ಬಂತು. ಇಷ್ಟು ವರ್ಷ ಇವರು ಒಳಗೊಳಗೇ ಎಷ್ಟು ನಡುಗಿರಬೇಕು ಎಂದು ಗೊತ್ತಾಗುತ್ತದೆ. ನಾನೇ ಕೈ ಹಿಡಿದುಕೊಳ್ಳುತ್ತಿದ್ದೆ, ಒಂದು ಮಾತು ಹೇಳಿದ್ದರೆ.

"ಹೆದರಿ. ಬೇಡ ಅನ್ನಲ್ಲ. ಆದ್ರೆ ಇನ್ಮೇಲೆ ನನ್ನ ಹೆಸರಲ್ಲಿ ಹೆದರಬೇಡಿ. ನಿಮ್ಮ ಹೆಸರಲ್ಲೇ ಹೆದರಿ."

ನಾನು ಹೋಗಿ ಮತ್ತೆ ಈಜಿ ಬಂದೆ. ಈ ಸಲ ಟೀಚರ್ ಮತ್ತು ಮಗಳು ಸೊಂಟದ ನೀರಿನವರೆಗೆ ಬಂದರು. ಪ್ರೊಫೆಸರ್ ಲುಂಗಿ ಎತ್ತಿ ಕಟ್ಟಿ ಒಂದು ಸುತ್ತು ಹೊಡೆದರು. ನೀರು ಅಷ್ಟು ಇಷ್ಟವಿಲ್ಲದವರು! ಇವರು ಕಿಟಕಿಯಲ್ಲಿದ್ದರು.

ಜುಲೈ 20, ಭಾನುವಾರ. ಬೆಳಿಗ್ಗೆ, ನೀರಿನ ಮೆಟ್ಟಿಲ ಮೇಲೆ

ಬೇಗ ಬರೆಯಬೇಕು. ಬೀಗದ ಕೈ ತಗೊಳ್ಳಲು ಮನೆಯ ಯಜಮಾನ ಬಂದಿದ್ದ, ಕೆಂಪು ಮೂಗಿನ ಮುದುಕ. ಹೊರಡುವ ಮೊದಲು ಎಲ್ಲರನ್ನೂ ತನ್ನ ದೋಣಿಯಲ್ಲಿ ಒಂದು ಸುತ್ತು ಕರೆದೊಯ್ಯುತ್ತೇನೆ ಎಂದ. ಬೇಡ ಎಂದರೂ ಕೇಳುವವನಲ್ಲ. ಎಲ್ಲರೂ ಬರುತ್ತೀರಿ ತಾನೇ ಎಂದು ಕೇಳಿದ.

ಇವರು ಅಭ್ಯಾಸಬಲದಿಂದ ಅವನ ಭಾಷೆಯಲ್ಲೇ ಶುರು ಮಾಡಿದರು: ನನ್ನ ಹೆಂಡತಿಗೆ ನೀರೆಂದರೆ...

ನಿಂತರು. ಟೀಚರ್ ನೆಲ ನೋಡಿದರು. ಮಗಳು ಅಪ್ಪನನ್ನೇ ನೋಡಿದಳು. ನಾನು ಸಹಾಯಕ್ಕೆ ಹೋಗಲಿಲ್ಲ. ಇಷ್ಟು ವರ್ಷ ಹೋಗಿದ್ದೇ ಸಾಕು.

ನನ್ನ ಹೆಂಡತಿಗೆ ನೀರೆಂದರೆ ಇಷ್ಟ, ಎಂದರು. ಬೆವರು ಒರೆಸಿಕೊಂಡರು. ಆಮೇಲೆ ನಮ್ಮ ಮಾತಿನಲ್ಲಿ, ಮಗಳ ಕಡೆ ತಿರುಗಿ: "ಭಯ ನಂಗೆ, ಪುಟ್ಟಿ. ಮೊದ್ಲಿಂದಾನೂ ನಂಗೇ."

ಪ್ರೊಫೆಸರ್ ಬಾಯಿ ತೆರೆದರು, ಟೀಚರ್ ಅವರ ಕಾಲು ತುಳಿದರು.

ಈಗ ಇವರು ದೋಣಿಯಲ್ಲಿ ಕೂತಿದ್ದಾರೆ! ಹೌದು, ಕೂತಿದ್ದಾರೆ. ಲೈಫ್ ಜಾಕೆಟ್ ಗಂಟಲವರೆಗೆ, ಎರಡೂ ಕೈ ಅಂಚು ಹಿಡಿದು, ಕಣ್ಣು ಮುಚ್ಚಿ. ಪಕ್ಕದಲ್ಲಿ ನನಗೆ ಜಾಗ ಬಿಟ್ಟಿದ್ದಾರೆ. "ಬಾರೇ, ಕೈ ಹಿಡ್ಕೋ" ಎನ್ನುತ್ತಿದ್ದಾರೆ. ಎಲ್ಲರ ಮುಂದೆ, ಗಟ್ಟಿಯಾಗಿ.

ದೋಣಿ ನಾನು ಹತ್ತುವುದಿಲ್ಲ. ಪಕ್ಕದಲ್ಲೇ ಈಜುತ್ತೇನೆ, ಕೂಗಿದರೆ ಕೇಳುವಷ್ಟು ಹತ್ತಿರ. ಹೆದರಿದರೆ ಹೆದರಲಿ. ಅವರ ಹೆದರಿಕೆ, ಅವರೇ ಹೊತ್ತುಕೊಳ್ಳಲಿ. ಕೂಗುತ್ತಿದ್ದಾರೆ, ಇಳಿಯುತ್ತೇನೆ.