ಡಬ್ಬಿಯ ಬೆನ್ನಿನ ಚೀಟಿ ಓದಿ ಬರೆದ ಮುನ್ನೂರ ಇಪ್ಪತ್ತನಾಲ್ಕು ಯೂನಿಟ್

ನಮ್ಮ ಬೀದಿಗೆ ಬೆಳಕು ಕರುಣಿಸುವ ವಿದ್ಯುತ್ ಉಪವಿಭಾಗದ ಮಾನ್ಯ ಇಂಜಿನಿಯರರೇ,

ಜೋಗುಪಾಳ್ಯದ ನಮ್ಮ ವಠಾರದಲ್ಲಿ ಐದು ರೂಮುಗಳಿವೆ, ಐದಕ್ಕೂ ಸೇರಿ ಒಂದೇ ಮೀಟರ್. ಕಳೆದ ತಿಂಗಳು ಅದು ತೋರಿಸಿದ್ದು ಇನ್ನೂರ ತೊಂಬತ್ತಾರು ಯೂನಿಟ್. ಅದರಲ್ಲಿ ನನ್ನ ಹಳೆಯ ಕಂಪ್ಯೂಟರೊಂದೇ ಮುನ್ನೂರ ಇಪ್ಪತ್ತನಾಲ್ಕು ಯೂನಿಟ್ ತಿಂದಿದೆಯೆಂದು ತಮ್ಮ ಕಚೇರಿ ಸೀಲು ಹಾಕಿ ಬರೆದುಕೊಟ್ಟಿದೆ. ಅಂದರೆ ವಠಾರದ ಉಳಿದ ಫ್ಯಾನು, ಬಲ್ಬು, ಮಿಕ್ಸಿಗಳೆಲ್ಲ ಕರೆಂಟು ಬಳಸಲೇ ಇಲ್ಲ. ಬದಲಿಗೆ ಇಪ್ಪತ್ತೆಂಟು ಯೂನಿಟ್ ಉತ್ಪಾದಿಸಿ ತಮಗೆ ವಾಪಸು ಕಳಿಸಿದವು! ಶಿವನಸಮುದ್ರಕ್ಕೆ ಪೈಪೋಟಿಯಾಗಿ ಜೋಗುಪಾಳ್ಯ ಎದ್ದು ನಿಂತ ಈ ಶುಭ ಸಂದರ್ಭದಲ್ಲಿ ತಮ್ಮನ್ನು ಅಭಿನಂದಿಸಬೇಕಿತ್ತು. ಆದರೆ ಅದೇ ಕಾಗದ ಹಿಡಿದುಕೊಂಡು, ಮೂವತ್ತನೇ ತಾರೀಖಿನೊಳಗೆ ರೂಮು ಖಾಲಿ ಮಾಡುವಂತೆ ನನಗೂ ನಮ್ಮಮ್ಮನಿಗೂ ಮಾಲೀಕರು ಹೇಳಿದ್ದಾರೆ. ಆದ್ದರಿಂದ ಅಭಿನಂದನೆಯನ್ನು ಮುಂದೂಡಿದ್ದೇನೆ.

ಆರೋಪಿಯ ಪರಿಚಯ ಮಾಡಿಕೊಡುತ್ತೇನೆ. ಶಿವಾಜಿನಗರದ ತೌಹೀದ್ ಭಾಯಿಯ ಗುಜರಿ ಅಂಗಡಿಯಲ್ಲಿ ಕೊಂಡ, ಪರದೆಯೂ ಇಲ್ಲದ ಕಪ್ಪು ಡಬ್ಬಿ. ವಠಾರದವರ ಫೋನು ತುಂಬಿದಾಗ ಫೋಟೋಗಳೆಲ್ಲ ಅದಕ್ಕೆ ಹೋಗುತ್ತವೆ. ಪಕ್ಕದ ರೂಮಿನ ಮಿಸ್ಬಾಳ ನರ್ಸಿಂಗ್ ಪಾಠದ ವಿಡಿಯೋಗಳೂ ಅದರಲ್ಲೇ ಇವೆ. ಒಬ್ಬರು ಕೆಲಸಕ್ಕೆ ಹೊರಡುವ ಹೊತ್ತಿಗೆ ಇನ್ನೊಬ್ಬರು ಕೆಲಸ ಮುಗಿಸಿ ಬರುವ ವಠಾರ ನಮ್ಮದು. ಹಾಗಾಗಿ ಅದನ್ನು ಆರಿಸುವುದೇ ಇಲ್ಲ. ಅದು ಬಂದ ತಿಂಗಳೇ ಇನ್ನೂರ ಹತ್ತಿದ್ದ ಯೂನಿಟ್ಟು ಇನ್ನೂರ ತೊಂಬತ್ತಾರಕ್ಕೆ ಹಾರಿತು. ನಮ್ಮಲ್ಲೊಂದು ಪದ್ಧತಿಯಿದೆ: ಬಿಲ್ಲು ಐದು ಪಾಲು, ಆದರೆ ಯಾರ ರೂಮಿಗೆ ಹೊಸ ಸಾಮಾನು ಬಂತೋ, ಹೆಚ್ಚಾದದ್ದು ಅವರ ತಲೆಗೆ. ಎದುರು ರೂಮಿನ ಅಕ್ಕಯಮ್ಮ ಫ್ರಿಜ್ ತಂದಾಗ ಅವರ ತಲೆಗೆ ಬಿದ್ದಿತ್ತು. ಈ ಸಲ ನನ್ನದು. ತಮ್ಮದೇ ಬೇರೆ ಮೀಟರ್ ಇಟ್ಟುಕೊಂಡು ಮಹಡಿಯ ಮೇಲಿರುವ ಮಾಲೀಕರು ಅಂಜನಮೂರ್ತಿಯವರು ಅಷ್ಟಕ್ಕೇ ಸುಮ್ಮನಾಗದೆ ತಮಗೊಂದು ದೂರು ಕೊಟ್ಟರು, ತಾವೊಬ್ಬ ಸಿಬ್ಬಂದಿಯನ್ನು ಕಳಿಸಿದಿರಿ.

ಇಲ್ಲಿ ನನ್ನದೂ ಒಂದು ತಪ್ಪಿದೆ. "ಏನಪ್ಪ ಮಾಡುತ್ತೆ ಇದು?" ಎಂದು ಆ ಸಿಬ್ಬಂದಿ ಕೇಳಿದರು.

"ಚಂದ್ರನ ಮೇಲೆ ನಿಗಾ ಇಡುತ್ತೆ ಸರ್. ಒಂದ್ ನಿಮಿಷ ಆಫ್ ಮಾಡಿದ್ರೂ ಆಯಪ್ಪ ಎಲ್ಲಾದ್ರೂ ಹೊರಟ್ಹೋಗ್ತಾನೆ."

ಅವರು ನಗಲಿಲ್ಲ. 'ದಿನದ ಇಪ್ಪತ್ತನಾಲ್ಕು ಗಂಟೆ' ಎಂದು ಬರೆದುಕೊಂಡರು. "ಭೈಯ್ಯಾ, ನಿಮ್ ನಾಲಿಗೇಗೂ ಒಂದ್ ಸ್ವಿಚ್ ಹಾಕಿಸ್ಬೇಕು" ಎಂದು ಮಿಸ್ಬಾ ಬಾಗಿಲಲ್ಲೇ ಹಣೆ ಚಚ್ಚಿಕೊಂಡಳು. ಆಮೇಲೆ ಅವರು ಡಬ್ಬಿ ತಿರುಗಿಸಿ, ಬೆನ್ನಿನ ಚೀಟಿಯಲ್ಲಿದ್ದ '450 ವ್ಯಾಟ್' ಓದಿ, ಅದನ್ನು ಇಪ್ಪತ್ತನಾಲ್ಕು ಗಂಟೆಯಿಂದಲೂ ಮೂವತ್ತು ದಿನದಿಂದಲೂ ಗುಣಿಸಿದರು. ನ್ಯಾಯ ತೀರ್ಮಾನವಾಯಿತು.

ಮಾನ್ಯರೇ, ಚೀಟಿಯಲ್ಲಿರುವುದು ಡಬ್ಬಿ ಹೆಚ್ಚೆಂದರೆ ಎಷ್ಟು ಹೊರಬಲ್ಲದು ಎಂಬ ಲೆಕ್ಕ; ಎಷ್ಟು ಹೊರುತ್ತಿದೆ ಎಂಬುದಲ್ಲ. ಮಧ್ಯಾಹ್ನದ ಕೆ.ಆರ್. ಪುರಂ ಬಸ್ಸಿನಲ್ಲಿ ಮೂರೇ ಜನರಿದ್ದಾಗ, ಕಂಡಕ್ಟರು 'ಆಸನ ನಲವತ್ತು' ಎಂಬ ಬೋರ್ಡು ತೋರಿಸಿ ನಲವತ್ತು ಟಿಕೆಟ್ಟಿನ ದುಡ್ಡು ಕೇಳಿದರೆ ತಾವು ಕೊಡುತ್ತೀರಾ? ಮಿಕ್ಸಿ ರಿಪೇರಿ ಮಾಡುವ ಗೆಳೆಯ ಅಫ್ತಾಬನಿಂದ ಪ್ಲಗ್ಗಿಗೆ ಸಿಕ್ಕಿಸುವ ಪುಟ್ಟ ಮೀಟರ್ ತಂದು ಒಂದು ವಾರ ಅಳೆದೆ. ಮೂವತ್ತೆಂಟು ವ್ಯಾಟ್. ತಿಂಗಳಿಗೆ ಇಪ್ಪತ್ತೇಳು ಯೂನಿಟ್. ಅಷ್ಟು ನನ್ನ ಪಾಪ. ಅದರ ದುಡ್ಡು ಕೊಡುತ್ತೇನೆ. ಉಳಿದ ಐವತ್ತೊಂಬತ್ತು ಯಾರದು ಎಂದು ಕೇಳಲು ಆ ಪುಟ್ಟ ಮೀಟರ್ ಹಿಡಿದು ತಮ್ಮ ಕಚೇರಿಗೆ ಬಂದೆ.

"ಇದಕ್ಕೆ ಸೀಲ್ ಎಲ್ಲಿದೆ?" ಎಂದರು ಕಿಟಕಿಯೊಳಗಿನವರು.

"ಇದು ಮೀಟರ್ ಸರ್. ನೀವೇ ಒಂದ್ಸಲ ಪ್ಲಗ್ ಹಾಕಿ ನೋಡಿ."

"ಆ ಚಂದ್ರನ್ನ ಕಾಯೋನು ನೀನೇ ತಾನೇ? ಹೋಗಪ್ಪ, ಜನ ಕಾಯ್ತಾ ಇದಾರೆ."

ಕಳೆದ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಎಲ್ಲರ ಕೈಕಾಲು ಹಿಡಿದು ಐದೂ ರೂಮುಗಳ ಮೇನ್ ಸ್ವಿಚ್ ಆರಿಸಿದೆ. ಎಲ್ಲರೂ ಮೀಟರ್ ಮುಂದೆ ನಿಂತೆವು. ಕರೆಂಟು ಹರಿಯುವಾಗ ಮಾತ್ರ ಮಿಣುಕಬೇಕಾದ ಕೆಂಪು ದೀಪ ಮಿಣುಕುತ್ತಲೇ ಇತ್ತು. "ಎಲ್ಲಾ ಆರ್ಸಿದ್ಮೇಲೂ ಯಾರ್ ಮನೆ ದೀಪಕ್ಕೆ ನಾವು ಎಣ್ಣೆ ಹಾಕ್ತಾ ಇದೀವಿ?" ಎಂದರು ಅಕ್ಕಯಮ್ಮ. ಮಹಡಿಯಿಂದ ಅಂಜನಮೂರ್ತಿಯವರು ಬಗ್ಗಿ, "ಅದು ಮೀಟರ್‌ನ ಅಭ್ಯಾಸ ಕಣಮ್ಮ. ಆಫೀಸ್ನೋರೇ ಬರ್ಕೊಟ್ಟಿದಾರಲ್ಲ, ಇನ್ನೇನ್ ಬೇಕು?" ಎಂದರು. ಆಮೇಲೆ ಒಬ್ಬೊಬ್ಬರೇ ಒಳಗೆ ಹೋಗಿ ಫ್ಯಾನು ಹಾಕಿಕೊಂಡರು. ಅವರನ್ನು ದೂರಲಾರೆ. ಅವರೂ ಬಾಡಿಗೆಯವರೇ.

ನಮ್ಮಮ್ಮ ಶೇಷಮ್ಮ ಇಂದಿರಾನಗರದ ಎರಡು ಮನೆಗಳಲ್ಲಿ ಅಡುಗೆ ಮಾಡುತ್ತಾಳೆ, ನಡೆದೇ ಹೋಗುತ್ತಾಳೆ. ಮೊದಲ ಮನೆಯ ತಿಂಡಿ ಆರೂವರೆಗೆ ಆಗಬೇಕು. ನಮ್ಮ ಕೈಗೆಟುಕುವ ಬಾಡಿಗೆ ಇರುವುದು ಕೆ.ಆರ್. ಪುರದಾಚೆ, ಅಲ್ಲಿಂದ ಎರಡು ಬಸ್ಸು ಹತ್ತಿ ಆರೂವರೆಗೆ ಮುಟ್ಟುವುದು ಆಗದ ಮಾತು. ಆ ಮನೆ ತಪ್ಪಿದರೆ ಅರ್ಧ ಸಂಬಳ ತಪ್ಪಿತು. "ಒಪ್ಗೊಂಡ್ಬಿಡೋ ಯಪ್ಪಾ," ಎಂದಳು. "ತಪ್ಪಾಗ್ಯದ, ಡಬ್ಬಿ ಬಂದ್ ಮಾಡೀನಿ ಅನ್ನು. ಹಂಗಂದ್ರ ನಾಲಿಗಿ ಏನ್ ಸವೀತದೇನು?"

ಮಹಡಿಗೆ ಹೋಗಿ ಹಾಗೇ ಅಂದೆ. ನನ್ನ ಜನ್ಮದಲ್ಲಿ ತಮಾಷೆಯಿಲ್ಲದೆ ಹೇಳಿದ ಮೊದಲ ಸುಳ್ಳು ಅದು. ಮಾಲೀಕರು ಪೂರ್ತಿ ಕೇಳಿಸಿಕೊಂಡು, "ಒಪ್ಕೊಂಡ್ಯಲ್ಲ, ಸಂತೋಷ. ಮೂವತ್ತಕ್ಕೆ ಬೀಗ ಕೊಟ್ಬಿಡು" ಎಂದರು. ಡಬ್ಬಿ ಆರಿ ನಾಲ್ಕು ದಿನವಾಯಿತು. ಮುಂದಿನ ತಿಂಗಳು ಮಿಸ್ಬಾಳ ಪರೀಕ್ಷೆ. ಕೆಂಪು ದೀಪ ಮಾತ್ರ ಮೊದಲಿನ ಹಾಗೇ ಇದೆ.

ನನ್ನ ಬೇಡಿಕೆ ಇಷ್ಟೇ. ಆ ಚೀಟಿಯ ಲೆಕ್ಕವನ್ನು ಸೀಲು ಹಾಕಿಯೇ ರದ್ದು ಮಾಡಿ. ಮೂವತ್ತಕ್ಕೆ ಮುಂಚೆ ಯಾರನ್ನಾದರೂ ಕಳಿಸಿ. ಐದೂ ರೂಮುಗಳ ಸ್ವಿಚ್ ಆರಿಸಿ, ಹತ್ತು ನಿಮಿಷ ಮೀಟರ್ ಮುಂದೆ ನಿಂತು, ಆಗಲೂ ಕರೆಂಟು ಎಳೆಯುವ ತಂತಿ ಎಲ್ಲಿಗೆ ಹೋಗುತ್ತದೆಂದು ನೋಡಿ ಬರೆದುಕೊಂಡು ಹೋಗಲಿ. ನಾನು ಬಾಯಿ ಬಿಡುವುದಿಲ್ಲ. ಬೇಕಿದ್ದರೆ ಆ ಹತ್ತು ನಿಮಿಷ ಮನೆಯಲ್ಲೇ ಇರುವುದಿಲ್ಲ. ಬಾಗಿಲು ತೆರೆಯಲು ಅಮ್ಮ ಇರುತ್ತಾಳೆ. ಅವಳು ಹೇಳುವುದನ್ನು ಎಲ್ಲರೂ ನಂಬುತ್ತಾರೆ.

ಇಂತಿ,
ನಿಜ ಹೇಳಲು ತುಸು ತಡವಾಗಿ ಶುರುಮಾಡಿದ
ಲಕ್ಷ್ಮಿಕಾಂತ
ಜೋಗುಪಾಳ್ಯ (ಸದ್ಯಕ್ಕೆ)