ಯಾವ ಚಿತ್ತಪ್ಪ?

12 ಫೆಬ್ರವರಿ 2002, ಚಳ್ಳಕೆರೆ

ಏಳರ ಕೇಬಲ್ ವಾರ್ತೆ ಓದಿ ಬಂದೆ. ಎಂದಿನಂತೆ ಲೈವ್. ನಿನ್ನೆ ಹಳೇ ಟೌನಿನ ತಿಪ್ಪೇರುದ್ರಮ್ಮನನ್ನು ಮನೆಯಲ್ಲೇ ಕೊಂದಿದ್ದಾರೆ. 'ಚಿತ್ತಪ್ಪ ಎಂಬಾತನನ್ನು ಪೊಲೀಸರು ಹಿಡಿದಿದ್ದಾರೆ' ಎಂದು ಓದಿದೆ. ಚಾನೆಲ್ ಮಾಲೀಕ ಶಶಿಕಾಂತ್ ಕೊಟ್ಟ ಚೀಟಿಯಲ್ಲಿ ಅಷ್ಟೇ ಇತ್ತು.

13 ಫೆಬ್ರವರಿ

ಬೆಳಗಿನಿಂದ ಆಫೀಸಿಗೆ ಒಂದೇ ಫೋನ್ — ಯಾವ ಚಿತ್ತಪ್ಪ? ಈ ಕಡೆ ಮನೆದೇವರ ಹೆಸರು ಅದು, ಬೀದಿಗೊಬ್ಬ. ಕಂಬಳಿ ಮಾರುವ ಚಿತ್ತಪ್ಪ ಬೆವರುತ್ತ ಬಂದ. "ನಾನಲ್ಲ ಅಂತ ಹೇಳ್ರವ್ವಾ. ಸಂತೇಲಿ ಯಾರೂ ಹತ್ರ ಬರ್ತಿಲ್ಲ."

ಈಗ ಓದುತ್ತಿರುವ ರಷ್ಯನ್ ಕಾದಂಬರಿಯ ಅನುವಾದದಲ್ಲಿ ಒಬ್ಬನಿಗೇ ಮೂರು ಹೆಸರು. ಇಲ್ಲಿ ಉಲ್ಟಾ. ಅಸ್ಪಷ್ಟ ವಾಕ್ಯ ನನಗಾಗದು. ವಿಚಾರಿಸಿ, ಸಂಜೆ ತಿದ್ದಿ ಓದಿದೆ: 'ಮೊಳಕಾಲ್ಮೂರು ತಾಲ್ಲೂಕು ದೇವಸಮುದ್ರ ಮೂಲದ, ಪಾವಗಡ ರಸ್ತೆಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿರುವ ಚಿತ್ತಪ್ಪ.'

ತೃಪ್ತಿಯಾಯಿತು.

14 ಫೆಬ್ರವರಿ

ಆ ಅಂಗಡಿ ಒಡೆದಿದ್ದಾರೆ. ತಾಮ್ರದ ತಂತಿಯನ್ನೂ ಹೊತ್ತೊಯ್ದಿದ್ದಾರೆ — ನ್ಯಾಯ ಕೇಳಲು ಬಂದವರು. ಶಶಿಕಾಂತ್‌ಗೆ ಖುಷಿ. "ನೀವು ಓದಿದ್ದಕ್ಕೆ ಎಫೆಕ್ಟ್ ನೋಡ್ರಿ ಮೇಡಂ!"

ನಿನ್ನೆ ತಿದ್ದಿದ ವಾಕ್ಯವನ್ನು ಮತ್ತೆ ಓದಿಕೊಂಡೆ.

21 ಫೆಬ್ರವರಿ

ಚಿತ್ತಪ್ಪನನ್ನು ಮೊನ್ನೆಯೇ ಬಿಟ್ಟಿದ್ದಾರೆ. ಕೊಲೆಯ ದಿನ ಅವನು ರಾಂಪುರದಲ್ಲಿ ಬೋರ್‌ವೆಲ್‌ಗೆ ಮೋಟಾರ್ ಇಳಿಸುತ್ತಿದ್ದ. ಅವನ ಹೆಂಡತಿ ಪವಿತ್ರ ಇವತ್ತು ನಮ್ಮ ಮನೆ ಬಾಗಿಲಿಗೆ ಬಂದಳು. ಒಳಗೆ ಕರೆದರೂ ಬರಲಿಲ್ಲ.

"ಟೀವಿಯಾಗೆ ಓದೋರು ನೀವೇ ಅಲ್ವೇನ್ರಿ? ಪೋಸ್ಟ್‌ಮ್ಯಾನ್‌ಗೂ ಅಷ್ಟು ಚೆಂದ ಅಡ್ರೆಸ್ ಗೊತ್ತಿರ್ಲಿಲ್ಲ."

ಕುರ್ಚಿ ತಂದು ಬಾಗಿಲಲ್ಲೇ ಇಟ್ಟೆ; ಅವಳು ಕೂರಲಿಲ್ಲ.

"ಬಿಟ್ಟವ್ರೆ ಅಂತ ನಾವು ಹೇಳಿದ್ರೆ ಯಾರೂ ನಂಬಲ್ಲ. ಬಾಗಿಲ ಮ್ಯಾಲೆ 'ಕೊಲೆಗಾರ' ಅಂತ ಬರ್ದೈತೆ. ನಮ್ಮತ್ತೆ ನಲ್ಲಿ ಹತ್ರ ಹೋದ್ರೆ ಕೊಡ ಎತ್ತಿ ಬಿಸಾಕ್ತಾರೆ. ನೀವೇ ಹೇಳ್ರಿ. ಹಂಗೇ... ಊರು, ರೋಡು, ಅಂಗಡಿ, ಒಂದೂ ಬಿಡ್ದಂಗೆ."

22 ಫೆಬ್ರವರಿ, ಮಧ್ಯಾಹ್ನ

ಅದೇ ಕೊಲೆಗೆ ಈಗ ಇನ್ನೊಬ್ಬನನ್ನು ಹಿಡಿದಿದ್ದಾರೆ. ಎಣ್ಣೆ ಮಿಲ್ಲಿನ ಸೋಮಶೇಖರಪ್ಪನ ಅಳಿಯ. ನಮ್ಮ ವಾರ್ತೆಗೆ ಮುಂಚೆ ಬರುವ ಜಾಹೀರಾತು ಅದೇ ಮಿಲ್ಲಿನದು.

"ಹೆಸ್ರು ಬ್ಯಾಡ ಮೇಡಂ," ಎಂದ ಶಶಿಕಾಂತ್. "ಕೋರ್ಟ್ ಹೇಳೋವರ್ಗೂ ಯಾರ ಹೆಸ್ರೂ ಎತ್ತಬಾರ್ದು. ಅವ್ರಿಗೂ ಹೆಂಡ್ತಿ ಮಕ್ಳು ಇರ್ತಾರೆ."

ಒಂದೊಂದು ಮಾತೂ ಸರಿ. ಹತ್ತು ದಿನ ತಡ, ಅಷ್ಟೇ.

"ಚಿತ್ತಪ್ಪನ್ನ ಬಿಟ್ಟಿದ್ದು?"

"ಅದು ಹೇಳಿದ್ರೆ, ಮತ್ತೆ ಹಿಡಿದಿದ್ದು ಯಾರ್ನ ಅಂತ ಕೇಳ್ತಾರೆ. ಬಿಡ್ರಿ ಅತ್ಲಾಗೆ."

ಅದೇ ದಿನ, ಸಂಜೆ

ಚೀಟಿ ಬಂದಿದೆ. ಎರಡು ಹೆಸರೂ ಇಲ್ಲ. ಅಳಿಯನ ಹೆಸರು ನನಗೆ ಗೊತ್ತು, ಅವನ ಬೀದಿಯೂ. ಅದನ್ನು ಓದಿಬಿಡುವ ಆಸೆ ಎಷ್ಟಿದೆ ಎಂದು ಕಂಡು ನನ್ನ ಮೇಲೇ ಹೇಸಿಗೆ. ಓದುವುದಿಲ್ಲ.

ಚಿತ್ತಪ್ಪನದು ಓದುತ್ತೇನೆ. ಪವಿತ್ರ ಹೇಳಿದ ಹಾಗೆಯೇ, ಒಂದೂ ಬಿಡದೆ. ಶಶಿಕಾಂತ್ ವೈರ್ ಕೀಳುವ ಮೊದಲು ಮುಗಿಯಬೇಕು — ಹಾಗಾದರೆ ಮೊದಲ ವಾಕ್ಯದಲ್ಲೇ. 'ನಾವು ಈ ಹಿಂದೆ ಹೆಸರಿಸಿದ್ದ...' ಅಲ್ಲ. 'ನಾನು'.

ಕೆಳಗೆ ಸ್ಕೂಟರ್ ಹಾರ್ನ್. ಕರೆದೊಯ್ಯಲು ಇವತ್ತು ಶಶಿಕಾಂತನೇ ಬಂದಿದ್ದಾನೆ. ಚೀಟಿ ಇಲ್ಲೇ ಬಿಟ್ಟು ಹೊರಟೆ.